ಕಾಣದವರ ಕೈಯಲ್ಲಿ ಸ್ಮಾರ್ಟ್‌ಫೋನ್: ಟಾಕ್‌ಬ್ಯಾಕ್ ಹಾಕುವುದು, ಕಲಿಸುವುದು ಹೇಗೆ?

ಗ್ಲಾಕೋಮಾದಿಂದ ನಮ್ಮ ದೊಡ್ಡಪ್ಪನ ಎರಡೂ ಕಣ್ಣು ಹೋದಾಗ ಅವರಿಗೆ ಅರವತ್ತೆರಡು ವರ್ಷ. ಅರಸೀಕೆರೆ ಹತ್ತಿರದ ಊರು, ತೆಂಗಿನ ತೋಟ. ಆಗ ಅವರ ಜೇಬಿನಲ್ಲಿ ಇದ್ದದ್ದು ಕೀಪ್ಯಾಡ್ ಫೋನು. ಅದರ 5ರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ ನೋಡಿ, ಹೆಬ್ಬೆರಳಿಗೆ ಅದು ಸಿಕ್ಕಿದರೆ ಸಾಕು, ಉಳಿದ ಅಂಕಿಗಳು ಎಲ್ಲಿವೆ ಅಂತ ಅವರಿಗೆ ಗೊತ್ತು. ಹತ್ತು ಹನ್ನೆರಡು ನಂಬರ್ ಬಾಯಿಪಾಠ ಇತ್ತು. ಯಾರ ಹಂಗೂ ಇಲ್ಲದೆ ಫೋನ್ ಮಾಡುತ್ತಿದ್ದರು.

ಆ ಫೋನ್ ಕೆಟ್ಟಾಗ ನಾವು ಸ್ಮಾರ್ಟ್‌ಫೋನ್ ತಂದುಕೊಟ್ಟೆವು. ಗಾಜಿನ ಮೇಲೆ ಕೈಯಾಡಿಸಿ ನೋಡಿ, "ಇದ್ರಲ್ಲಿ ಕೈಗೆ ಸಿಗೋದು ಏನೂ ಇಲ್ವಲ್ಲ ಮಗಾ" ಅಂದರು. ಆಮೇಲೆ ನಾಲ್ಕು ತಿಂಗಳು ಫೋನ್ ಬಂದಾಗಲೆಲ್ಲ ಮನೆಯಲ್ಲಿ ಯಾರಾದರೂ ಓಡಿಹೋಗಿ ಎತ್ತಿಕೊಡುವುದು, ಯಾರಿಗಾದರೂ ಮಾಡಬೇಕಾದರೆ ನಾವೇ ಒತ್ತಿಕೊಡುವುದು. ಸಹಾಯ ಮಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದೆವು. ನಿಜಕ್ಕೂ ನಡೆದದ್ದು ಏನೆಂದರೆ, ಇದ್ದ ಒಂದು ಸ್ವಾತಂತ್ರ್ಯವನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದೆವು.

ಈಗ ಅವರೇ ಕರೆ ಮಾಡುತ್ತಾರೆ, ವಾಟ್ಸಾಪ್ ಕೇಳುತ್ತಾರೆ, ಅಂಗಡಿಗೆ ದುಡ್ಡು ಕಳಿಸುತ್ತಾರೆ. ಇಷ್ಟಾಗಲು ಎರಡು ತಿಂಗಳು ಹಿಡಿಯಿತು. ನಿಮ್ಮ ಮನೆಯಲ್ಲೂ ಕಣ್ಣು ಕಾಣದವರು, ಅಥವಾ ದೃಷ್ಟಿ ಕಡಿಮೆಯಾಗುತ್ತಾ ಇರುವವರು ಇದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಯಾವ ಹಂತದಲ್ಲೂ ಮರೆಯಬಾರದ ಒಂದು ನಿಯಮ ಇದೆ: ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ. ನೀವು ಬಾಯಲ್ಲಿ ಹೇಳಿ, ಬೆರಳು ಅವರದ್ದಾಗಲಿ.

ಫೋನೇ ಓದಿ ಹೇಳುತ್ತದೆ

ಆಂಡ್ರಾಯ್ಡ್ ಫೋನ್‌ಗಳಲ್ಲಿ ಟಾಕ್‌ಬ್ಯಾಕ್ ಅಂತ ಒಂದು ಸೌಲಭ್ಯ ಇದೆ. ಪರದೆಯ ಮೇಲೆ ಬೆರಳಿಟ್ಟ ಕಡೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಇದು ಮೊದಲೇ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಇದು ಬಂದದ್ದು 2009ರಲ್ಲಿ. ಗೂಗಲ್‌ನಲ್ಲಿ ಇದರ ಹಿಂದೆ ಕೆಲಸ ಮಾಡಿದವರಲ್ಲಿ ಭಾರತ ಮೂಲದ ಟಿ. ವಿ. ರಾಮನ್ ಒಬ್ಬರು. ಅವರಿಗೂ ಕಣ್ಣು ಕಾಣುವುದಿಲ್ಲ. ದೊಡ್ಡಪ್ಪನಿಗೆ ಈ ವಿಷಯ ಹೇಳಿದ ದಿನವೇ ಅವರ ಅರ್ಧ ಭಯ ಹೋಯಿತು. ಅದೇ ವರ್ಷ ಐಫೋನ್‌ಗೆ ವಾಯ್ಸ್‌ಓವರ್ ಬಂತು. ಎರಡರ ತತ್ವವೂ ಒಂದೇ. ಐಫೋನ್ ಇದ್ದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ವಾಯ್ಸ್‌ಓವರ್ ಅಂತ ಹೋಗಿ. ಬೆರಳಾಟದಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ನನಗೆ ಕೈಬಳಕೆ ಇರುವುದು ಆಂಡ್ರಾಯ್ಡ್, ಹಾಗಾಗಿ ಅದನ್ನೇ ಹೇಳುತ್ತೇನೆ.

ಫೋನ್ ಕೊಳ್ಳುವಾಗ

ಕ್ಯಾಮೆರಾ, ಪರದೆಯ ಬಣ್ಣ ಇವೆಲ್ಲ ಆಮೇಲೆ. ಮೊದಲು ರ‍್ಯಾಮ್, ಅಂದರೆ ಫೋನ್ ಕೆಲಸ ಮಾಡುವಾಗ ಬಳಸುವ ಮೆಮೊರಿ ಎಷ್ಟಿದೆ ನೋಡಿ. 2 ಜಿಬಿಯ ಅಗ್ಗದ ಫೋನ್‌ನಲ್ಲಿ ಬೆರಳಿಟ್ಟು ಒಂದು ಕ್ಷಣ ಆದಮೇಲೆ ಮಾತು ಬರುತ್ತದೆ. ಕಾಣುವವರಿಗೆ ಅದು ಸಣ್ಣ ಕಿರಿಕಿರಿ ಅಷ್ಟೇ. ಕಿವಿಯನ್ನೇ ನಂಬಿದವರಿಗೆ ಅದು ದಾರಿ ತಪ್ಪಿಸುತ್ತದೆ, ಯಾಕಂದ್ರೆ ಮಾತು ಬರುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ. ಕನಿಷ್ಠ 4 ಜಿಬಿ ಇರಲಿ, 6 ಇದ್ದರೆ ಇನ್ನೂ ಒಳ್ಳೆಯದು.

ಬೆರಳಚ್ಚಿನ ಜಾಗ ಪಕ್ಕದ ಪವರ್ ಗುಂಡಿಯಲ್ಲೇ ಇರುವ ಫೋನ್ ತೆಗೆದುಕೊಳ್ಳಿ. ಪರದೆಯೊಳಗೆ ಇದ್ದರೆ ನುಣ್ಣನೆ ಗಾಜಿನಲ್ಲಿ ಅದನ್ನು ಹುಡುಕುವುದೇ ದಿನಕ್ಕೆ ನಲವತ್ತು ಸಲದ ಪರದಾಟ. ಇಯರ್‌ಫೋನ್ ಸಿಕ್ಕಿಸುವ ತೂತು ಇದ್ದರೆ ಅನುಕೂಲ. ವೈರ್ ಇರುವ ಇಯರ್‌ಫೋನ್‌ಗೆ ಚಾರ್ಜ್ ಬೇಡ, ಬಿದ್ದರೂ ಕಳೆದುಹೋಗುವುದಿಲ್ಲ.

ಕೈಗೆ ಕೊಡುವ ಮೊದಲು ನೀವು ಮಾಡಬೇಕಾದ್ದು

ಟಾಕ್‌ಬ್ಯಾಕ್ ಹಾಕುವ ಮೊದಲೇ ಈ ಕೆಲಸಗಳನ್ನು ಮುಗಿಸಿಕೊಳ್ಳಿ. ಹಾಕಿದ ಮೇಲೆ ನಿಮ್ಮ ಮಾಮೂಲಿ ಬೆರಳಾಟ ನಡೆಯುವುದಿಲ್ಲ.

ಮೊದಲನೆಯದು ಕನ್ನಡ ಧ್ವನಿ. ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ಹುಡುಕುವ ಜಾಗದಲ್ಲಿ 'ಟೆಕ್ಸ್ಟ್ ಟು ಸ್ಪೀಚ್' ಅಂತ ಹುಡುಕಿ. ಒಂದೊಂದು ಕಂಪನಿ ಇದನ್ನು ಒಂದೊಂದು ಕಡೆ ಇಟ್ಟಿರುತ್ತದೆ, ಹುಡುಕುವುದೇ ಸುಲಭ. ಅಲ್ಲಿ ಗೂಗಲ್‌ನ ಎಂಜಿನ್ ಆರಿಸಿ, ಭಾಷೆ ಕನ್ನಡ ಮಾಡಿ, ಧ್ವನಿಯ ಫೈಲನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಡೌನ್‌ಲೋಡ್ ಆದರೆ ನೆಟ್ ಇಲ್ಲದಿದ್ದರೂ ಫೋನ್ ಮಾತಾಡುತ್ತದೆ. ಅಲ್ಲೇ ಮಾತಿನ ವೇಗ ಇದೆ, ಶುರುವಿಗೆ ನಿಧಾನ ಇಡಿ. ಪಳಗಿದವರು ಎಷ್ಟು ವೇಗದಲ್ಲಿ ಕೇಳುತ್ತಾರೆ ಅಂದರೆ ನಮಗೆ ಒಂದಕ್ಷರ ತಿಳಿಯುವುದಿಲ್ಲ. ಆ ವೇಗ ತಾನಾಗಿ ಬರುತ್ತದೆ.

ಫೋನಿನ ಭಾಷೆಯನ್ನೂ ಕನ್ನಡ ಮಾಡಬೇಕಾ? ಇಂಗ್ಲಿಷ್ ಬಾರದವರಿಗೆ ಖಂಡಿತ ಮಾಡಿ. ಅಕ್ಷರ ಇಂಗ್ಲಿಷ್‌ನಲ್ಲಿ, ಓದುವ ಧ್ವನಿ ಮಾತ್ರ ಕನ್ನಡದ್ದು ಆದರೆ ಕೇಳುವವರಿಗೆ ಎರಡೂ ಅರ್ಥವಾಗುವುದಿಲ್ಲ. ಆದರೆ ಕನ್ನಡ ಸೆಟ್ಟಿಂಗ್ಸ್‌ನ ಕೆಲವು ಮಾತುಗಳು ಯಾರ ಬಾಯಲ್ಲೂ ಇಲ್ಲದಂಥವು. ಆಕ್ಸೆಸಿಬಿಲಿಟಿಗೆ ಅಲ್ಲಿ 'ಪ್ರವೇಶಿಸುವಿಕೆ' ಅಂತ ಇರುತ್ತದೆ. ಮುಖ್ಯವಾದ ನಾಲ್ಕೈದು ಪದಗಳ ಅರ್ಥವನ್ನು ಮೊದಲೇ ಹೇಳಿಕೊಡಿ.

ಆಮೇಲೆ ಪರದೆ ಆರುವ ಸಮಯವನ್ನು ಎರಡು ನಿಮಿಷಕ್ಕಾದರೂ ಏರಿಸಿ. ಮೂವತ್ತು ಸೆಕೆಂಡಿಗೆ ಆರಿಬಿಟ್ಟರೆ ಹೊಸಬರು ಪ್ರತಿ ಸಲ ಮೊದಲಿಂದ ಶುರು ಮಾಡಬೇಕಾಗುತ್ತದೆ. ಕೆಳಗಡೆ ಮೂರು ಗುಂಡಿ ಬರುವ ನ್ಯಾವಿಗೇಶನ್ ಆರಿಸಿ: ಹಿಂದೆ, ಹೋಮ್, ಇತ್ತೀಚಿನವು. ಈಗಿನ ಫೋನ್‌ಗಳಲ್ಲಿ ಅಂಚಿನಿಂದ ಎಳೆಯುವ ಪದ್ಧತಿ ಇರುತ್ತದೆ. ಕಾಣದವರಿಗೆ ಯಾವತ್ತೂ ಜಾಗ ಬದಲಿಸದ ಗುಂಡಿಗಳೇ ವಾಸಿ ಅಂತ ನನ್ನ ಅನುಭವ.

ಹೋಮ್ ಪರದೆಯನ್ನು ಪೂರ್ತಿ ಖಾಲಿ ಮಾಡಿ ನಾಲ್ಕೇ ನಾಲ್ಕು ಐಕಾನ್ ಇಡಿ, ನಾಲ್ಕು ಮೂಲೆಗೆ. ಮೂಲೆಗಳು ಬೆರಳಿಗೆ ಸಿಗುತ್ತವೆ, ಫೋನಿನ ಅಂಚೇ ದಾರಿ ತೋರಿಸುತ್ತದೆ. ನಾವು ಕೆಳಗಿನ ಎಡಕ್ಕೆ ಫೋನ್, ಕೆಳಗಿನ ಬಲಕ್ಕೆ ವಾಟ್ಸಾಪ್ ಇಟ್ಟೆವು. ಆಮೇಲೆ ಅದನ್ನು ಬದಲಿಸಲೇ ಇಲ್ಲ. ಮನೆಯ ಪಾತ್ರೆಗಳ ಜಾಗವನ್ನು ಯಾರಾದರೂ ದಿನಾ ಬದಲಿಸಿದರೆ ಹೇಗಾಗುತ್ತದೆ ಹೇಳಿ, ಇದೂ ಹಾಗೇ.

ಕೊನೆಗೆ ಶಾರ್ಟ್‌ಕಟ್. ಆಕ್ಸೆಸಿಬಿಲಿಟಿಯೊಳಗೆ ಟಾಕ್‌ಬ್ಯಾಕ್‌ಗೆ ಹೋಗಿ ಶಾರ್ಟ್‌ಕಟ್ ಆನ್ ಮಾಡಿ. ವಾಲ್ಯೂಮ್‌ನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಆಗುತ್ತದೆ, ಮತ್ತೆ ಹಿಡಿದರೆ ಆಫ್. ಮೊದಲ ಸಲ ಹಿಡಿದಾಗ ಒಪ್ಪಿಗೆ ಕೇಳುತ್ತದೆ. ಅದನ್ನು ನೀವೇ ಒಮ್ಮೆ ಮಾಡಿ ಮುಗಿಸಿ. ಇದನ್ನು ಮಾಡಿಡದೆ ನಾನು ಒದ್ದಾಡಿದ್ದೇನೆ. ಟಾಕ್‌ಬ್ಯಾಕ್ ಹಾಕಿಬಿಟ್ಟೆ, ಫೋನ್ ಮಾತಾಡಲು ಶುರುಮಾಡಿತು, ಯಾವ ಗುಂಡಿ ಮುಟ್ಟಿದರೂ ತೆರೆಯಲಿಲ್ಲ. ಫೋನ್ ಹಾಳಾಯಿತು ಅಂತ ಮನೆಯವರೆಲ್ಲ ಅಂದುಕೊಂಡರು.

ಬೆರಳಿನ ಪಾಠ

ಆವತ್ತು ನನಗೆ ಗೊತ್ತಿಲ್ಲದೆ ಇದ್ದದ್ದು ಇದು. ಟಾಕ್‌ಬ್ಯಾಕ್‌ನಲ್ಲಿ ಮುಟ್ಟುವುದು ಬೇರೆ, ತೆರೆಯುವುದು ಬೇರೆ. ಒಂದು ಸಲ ಮುಟ್ಟಿದರೆ ಅದು ಏನೆಂದು ಹೇಳುತ್ತದೆ, ಅಷ್ಟೇ. ತೆರೆಯಬೇಕಾದರೆ ಪಟಪಟ ಅಂತ ಎರಡು ಸಲ ತಟ್ಟಬೇಕು. ಆ ಎರಡು ಪೆಟ್ಟು ಐಕಾನ್ ಮೇಲೇ ಬೀಳಬೇಕಾಗಿಲ್ಲ, ಪರದೆಯ ಯಾವ ಮೂಲೆಯಲ್ಲಿ ತಟ್ಟಿದರೂ ಆಗುತ್ತದೆ. ಕೊನೆಗೆ ಯಾವುದನ್ನು ಓದಿತೋ ಅದು ತೆರೆಯುತ್ತದೆ. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದದ್ದು ಸುಲಭ.

ದೊಡ್ಡಪ್ಪನ ಮೊದಲ ಪಾಠ ನಡೆದದ್ದು ಜಗಲಿಯ ಮೇಲೆ. ಫೋನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಎಡಗೈ ಅಂಗೈಯಲ್ಲಿ ಹಿಡಿದಾಗೆಲ್ಲ ಹೆಬ್ಬೆರಳಿನ ಬುಡ ಗಾಜಿನ ಅಂಚಿಗೆ ತಾಗುತ್ತಿತ್ತು. ಫೋನಿಗೆ ಅದು ಎರಡನೇ ಬೆರಳು ಅನಿಸಿ ಎಲ್ಲ ಕಲಸುಮೇಲೋಗರ. ಹಾಗಾಗಿ ಮೇಜಿನ ಮೇಲೋ ತೊಡೆಯ ಮೇಲೋ ಇಟ್ಟು ಕಲಿಸಿ. ಗಟ್ಟಿಯಾದ ಹಿಂಬದಿ ಕವರ್ ಹಾಕಿದರೂ ಸ್ವಲ್ಪ ತಡೆಯುತ್ತದೆ.

ಎರಡನೇ ತೊಂದರೆ ಅವರ ಬೆರಳಿನ ಭಾರ. ಜೀವಮಾನವೆಲ್ಲ ತೆಂಗಿನಕಾಯಿ ಸುಲಿದ ಕೈ, ಒತ್ತಿದರೆ ಒತ್ತಿಯೇ ಒತ್ತುತ್ತಾರೆ. ಎರಡು ಪೆಟ್ಟಿನ ನಡುವೆ ಅಂತರ ಜಾಸ್ತಿ ಆಗಿ ಫೋನ್ ಅದನ್ನು ಎರಡು ಬೇರೆ ಬೇರೆ ಮುಟ್ಟು ಅಂತ ತಿಳಿಯುತ್ತಿತ್ತು. "ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡ್ತೀರಲ್ಲ, ಹಾಗೆ" ಅಂದೆ. ಮೂರನೇ ಪ್ರಯತ್ನಕ್ಕೆ ಬಂತು. ಫೋನ್ ಗುಂಡಿ ತೆರೆದುಕೊಂಡಾಗ, "ಓ, ಮುಟ್ಟಿದ್ರೆ ಹೆಸರು ಹೇಳುತ್ತೆ, ತಟ್ಟಿದ್ರೆ ಬಾಗಿಲು ತೆಗೆಯುತ್ತೆ" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಮೊದಲ ವಾರ ಇಷ್ಟೇ ಸಾಕು. ಒಂದು ಬೆರಳನ್ನು ಎತ್ತದೆ ಪರದೆಯ ಮೇಲೆ ಆಡಿಸಿ ಕೇಳುವುದು. ಬೆರಳನ್ನು ಬಲಕ್ಕೆ ಸರಕ್ಕನೆ ಸವರಿದರೆ ಮುಂದಿನದ್ದು, ಎಡಕ್ಕೆ ಸವರಿದರೆ ಹಿಂದಿನದ್ದು. ಎಲ್ಲಿ ಸವರಿದರೂ ಸರಿ, ಪರದೆಯಲ್ಲಿ ಇರುವುದೆಲ್ಲ ಒಂದಾದ ಮೇಲೊಂದು ಸಾಲಾಗಿ ಬರುತ್ತದೆ. ಎರಡು ಸಲ ತಟ್ಟಿದರೆ ತೆರೆಯುವುದು. ಎರಡು ಬೆರಳಿನಿಂದ ಮೇಲೆ ಕೆಳಗೆ ಎಳೆದರೆ ಪುಟ ಸರಿಯುವುದು.

ಎರಡನೇ ವಾರ ಇನ್ನೂ ಕೆಲವು ಸೇರಿಸಿ. ಎರಡು ಬೆರಳಿನಿಂದ ಒಂದು ಸಲ ತಟ್ಟಿದರೆ ಫೋನ್ ಬಾಯಿ ಮುಚ್ಚುತ್ತದೆ. ಇದನ್ನು ಬೇಗ ಕಲಿಸಿ, ಮಾತು ನಿಲ್ಲಿಸಲು ಬಾರದೆ ಗಾಬರಿಯಾಗುವವರೇ ಜಾಸ್ತಿ. ಎರಡು ಸಲ ತಟ್ಟಿ ಎರಡನೇ ಪೆಟ್ಟನ್ನು ಎತ್ತದೆ ಹಿಡಿದರೆ, ನಾವು ಒತ್ತಿ ಹಿಡಿದಂತೆ ಲೆಕ್ಕ. ಮೂರು ಬೆರಳಿನಿಂದ ಒಂದು ಸಲ ತಟ್ಟಿದರೆ ಟಾಕ್‌ಬ್ಯಾಕ್‌ನ ಮೆನು ಬರುತ್ತದೆ. ಹಳೆಯ ಫೋನ್‌ಗಳಲ್ಲಿ ಬೆರಳನ್ನು ಕೆಳಕ್ಕೆ ಎಳೆದು ಹಾಗೇ ಬಲಕ್ಕೆ ತಿರುಗಿಸಬೇಕು. ಆ ಮೆನುವಿನಲ್ಲೇ ಪರದೆ ಮರೆಮಾಡುವ ಆಯ್ಕೆಯೂ ಸಿಗುತ್ತದೆ. ಅದನ್ನು ಹಾಕಿದರೆ ಪರದೆ ಕಪ್ಪಾಗುತ್ತದೆ, ಮಾತು ಮಾತ್ರ ಬರುತ್ತದೆ. ಬಸ್ಸಿನಲ್ಲಿ ಪಕ್ಕದವರು ಇಣುಕಿ ಓದಲು ಆಗುವುದಿಲ್ಲ. ತಮ್ಮ ಮೆಸೇಜನ್ನು ಬೇರೆಯವರು ಓದುತ್ತಿದ್ದರೂ ಕಾಣದವರಿಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಇದು ಮುಖ್ಯ.

ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಅಭ್ಯಾಸದ ಪಾಠವೂ ಇದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ತಪ್ಪಾದಾಗ ತಕ್ಷಣ ಕೈ ಹಾಕಬೇಡಿ. ತಪ್ಪು ಕಡೆ ಹೋಗಿ ತಾವೇ ವಾಪಸ್ ಬಂದ ದಾರಿ ಚೆನ್ನಾಗಿ ನೆನಪಿರುತ್ತದೆ.

ಕರೆ ಮತ್ತು ವಾಟ್ಸಾಪ್

ಕರೆ ಎತ್ತುವುದು, ಇಡುವುದು ಎರಡಕ್ಕೂ ಹೊಸ ಫೋನ್‌ಗಳಲ್ಲಿ ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಆಯಿತು. ಅದು ಕಷ್ಟವಾದರೆ ಪವರ್ ಗುಂಡಿಯಿಂದ ಕರೆ ಮುಗಿಸುವ ಸೆಟ್ಟಿಂಗ್ ಇದೆ, ಹಾಕಿಡಿ. ಕಾಂಟ್ಯಾಕ್ಟ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಹೆಸರುಗಳನ್ನು ಕನ್ನಡ ಧ್ವನಿ ಏನೇನೋ ಓದುತ್ತದೆ. ನಮ್ಮ ಮನೆಯಲ್ಲಿ ಎಪ್ಪತ್ತು ಹೆಸರು ತಿದ್ದಲು ಒಂದು ಭಾನುವಾರ ಹೋಯಿತು, ಆದರೆ ಬೇರೆ ಯಾವ ಕೆಲಸಕ್ಕಿಂತಲೂ ಅದರಿಂದ ಉಪಯೋಗವಾಯಿತು.

ಬರೆಯಲು ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಮೈಕ್ ಇದೆ, ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಅಕ್ಷರ ಮೂಡುತ್ತದೆ. ಕಳಿಸುವ ಮೊದಲು ಬರೆದದ್ದನ್ನು ಮುಟ್ಟಿ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಬ್ರೈಲ್ ಬಲ್ಲವರಿಗೆ ಟಾಕ್‌ಬ್ಯಾಕ್ ಒಳಗೇ ಆರು ಚುಕ್ಕಿಯ ಬ್ರೈಲ್ ಕೀಬೋರ್ಡ್ ಇದೆ, 2020ರಲ್ಲಿ ಬಂದದ್ದು.

ವಾಟ್ಸಾಪ್ ವಿಷಯದಲ್ಲಿ ಮನೆಯವರಿಗೇ ಒಂದು ಮಾತು. ಕುಟುಂಬದ ಗುಂಪಿಗೆ ಬರಿ ಫೋಟೋ ಹಾಕಿದರೆ ಅವರಿಗೆ ಕೇಳುವುದು 'ಫೋಟೋ' ಅಂತ ಒಂದೇ ಮಾತು. ಕೆಳಗೆ ಒಂದು ಸಾಲು ಬರೆಯಿರಿ: "ಪಾಪು ಮೊದಲ ಸಲ ನಿಂತಿದ್ದು, ಹಳದಿ ಲಂಗ ಹಾಕಿದ್ದಾಳೆ." ಹತ್ತು ಹೂವಿನ ಇಮೋಜಿ ಸಾಲಾಗಿ ಹಾಕಬೇಡಿ, ಟಾಕ್‌ಬ್ಯಾಕ್ ಒಂದೊಂದನ್ನೂ ಹೆಸರು ಹಿಡಿದು ಓದುತ್ತದೆ. ಮದುವೆ ಕರೆಯೋಲೆ ಚಿತ್ರವಾಗಿ ಬಂದರೆ ದಿನ, ಜಾಗ, ಮುಹೂರ್ತವನ್ನು ಅಕ್ಷರದಲ್ಲೂ ಹಾಕಿ.

ದುಡ್ಡಿನ ವಿಷಯ

ಇಲ್ಲಿ ನಿಧಾನವಾಗಿ ಓದಿ. ಕಣ್ಣು ಕಾಣದವರ ಯುಪಿಐ ಪಿನ್ ಮನೆಯವರಿಗೆಲ್ಲ ಗೊತ್ತಿರುವುದು ನಮ್ಮಲ್ಲಿ ಮಾಮೂಲು. ಅದು ತಪ್ಪು. ಪಿನ್ ಅವರದ್ದು, ಅವರಿಗಷ್ಟೇ ಗೊತ್ತಿರಬೇಕು. ನೀವು ಆ ಕಡೆ ತಿರುಗಿ ಕುಳಿತುಕೊಳ್ಳಿ, ಅವರೇ ಹೊಸ ಪಿನ್ ಹಾಕಿಕೊಳ್ಳಲಿ.

ಪಿನ್ ಒತ್ತುವಾಗ ಬೆರಳಿಗೆ ಸಿಕ್ಕ ಅಂಕಿಯನ್ನು ಫೋನ್ ಗಟ್ಟಿಯಾಗಿ ಹೇಳಬಹುದು. ಹಾಗಾಗಿ ಇಯರ್‌ಫೋನ್ ಇಲ್ಲದೆ ಪಿನ್ ಒತ್ತಲೇ ಬಾರದು. ಒಂದೇ ಕಿವಿಗೆ ಹಾಕಿಕೊಳ್ಳಲಿ, ಇನ್ನೊಂದು ಕಿವಿ ಸುತ್ತಲಿನ ಸದ್ದಿಗೆ ಬೇಕು. ಕ್ಯೂಆರ್ ಕೋಡ್ ಹಿಡಿಯುವ ಬಗೆ ಹೀಗೆ: ಅಂಗಡಿಯವರನ್ನು ಕೇಳಿ ಕೋಡ್ ಅಂಟಿಸಿದ ಜಾಗವನ್ನು ಕೈಯಿಂದ ಮುಟ್ಟಿ ನೋಡುವುದು, ಫೋನಿನ ಹಿಂಬದಿಯನ್ನು ಅದಕ್ಕೆ ತಾಗಿಸುವುದು, ಆಮೇಲೆ ನೇರವಾಗಿ ಒಂದು ಗೇಣು ಹಿಂದಕ್ಕೆ ತರುವುದು. ಹಣ ಕಳಿಸುವ ಮೊದಲು ಪರದೆಯ ಮೇಲಿನ ಹೆಸರು ಮತ್ತು ಮೊತ್ತ ಎರಡನ್ನೂ ಮುಟ್ಟಿ ಕೇಳಲೇಬೇಕು. ಅಂಗಡಿಯಲ್ಲಿ ದುಡ್ಡು ಬಂತು ಅಂತ ಹೇಳುವ ಸ್ಪೀಕರ್ ಇದ್ದರೆ ಎಷ್ಟೋ ನೆಮ್ಮದಿ. ದಿನಾ ಹೋಗುವ ಅಂಗಡಿಯಾದರೆ ಫೋನ್ ನಂಬರಿಗೇ ಕಳಿಸುವುದು ಇನ್ನೂ ಸುಲಭ.

ಇದನ್ನು ಬಾಯಿಪಾಠ ಮಾಡಿಸಿ: ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಫೋನ್ ಮಾಡಿ ನಿಮಗೆ ದುಡ್ಡು ಬರುತ್ತದೆ ಪಿನ್ ಹಾಕಿ ಅಂದರೆ, ಅಥವಾ ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದರೆ, ಫೋನ್ ಇಟ್ಟುಬಿಡಬೇಕು. ಮೋಸ ಆಗಿಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೈಯಲ್ಲಿರುವ ನೋಟಿನ ಕಥೆ ಬೇರೆ. ಹೊಸ 200ರ ನೋಟು 146 ಮಿಲಿಮೀಟರ್ ಉದ್ದ, 500ರದ್ದು 150. ಅಗಲ ಎರಡಕ್ಕೂ 66. ಬರೀ 4 ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಲ್ಲಿ ಗುರುತಿಸುವುದು ಎಷ್ಟು ಕಷ್ಟ ಯೋಚಿಸಿ. 500ರ ಎರಡು ಬದಿಯ ಅಂಚಿನಲ್ಲಿ ಐದು ಉಬ್ಬು ಗೆರೆ ಇವೆ, 200ರಲ್ಲಿ ನಾಲ್ಕು ಗೆರೆ, ನಡುವೆ ಎರಡು ಸಣ್ಣ ವೃತ್ತ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ, ನಾಲ್ಕು ಕೈ ದಾಟಿ ಮೆತ್ತಗಾದ ನೋಟಿನಲ್ಲಿ ಸಿಗುವುದಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು 'ಮನಿ' ಅಂತ ಒಂದು ಆ್ಯಪ್ ತಂದಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ನೆಟ್ ಬೇಡ. ಆದರೆ ನೋಟು ಅಸಲಿಯೋ ನಕಲಿಯೋ ಹೇಳುವುದಿಲ್ಲ, ಅದು ನೆನಪಿರಲಿ.

ಕಾಗದ, ಔಷಧಿ, ದಾರಿ

ಬಂದ ಪತ್ರ, ಕರೆಂಟ್ ಬಿಲ್ಲು ಓದಲು ಗೂಗಲ್ ಲೆನ್ಸ್ ಕನ್ನಡ ಅಕ್ಷರವನ್ನೂ ಹಿಡಿಯುತ್ತದೆ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ 2023ರ ಕೊನೆಯಲ್ಲಿ ಆಂಡ್ರಾಯ್ಡ್‌ಗೂ ಬಂತು, ಎದುರಿಗೆ ಏನಿದೆ ಅಂತ ವಿವರಿಸುತ್ತದೆ. ಬಿ ಮೈ ಐಸ್ ಅಂತ ಇನ್ನೊಂದು ಇದೆ, 2015ರಿಂದ ನಡೆಯುತ್ತಿದೆ. ಅದರಲ್ಲಿ ಕರೆ ಮಾಡಿದರೆ ಎಲ್ಲೋ ಇರುವ ಒಬ್ಬ ಸ್ವಯಂಸೇವಕರು ನಿಮ್ಮ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ. ಶರ್ಟಿನ ಬಣ್ಣಕ್ಕೆ, ಮಿಕ್ಸಿಯ ಗುಂಡಿಗೆ ಇದು ಬಹಳ ಒಳ್ಳೆಯದು. ಬ್ಯಾಂಕ್ ಪಾಸ್‌ಬುಕ್, ಆಧಾರ್, ಕಾರ್ಡ್ ಮಾತ್ರ ಗುರುತಿಲ್ಲದವರಿಗೆ ತೋರಿಸಬಾರದು.

ಔಷಧಿಯ ವಿಷಯದಲ್ಲಿ ಯಾವ ಆ್ಯಪನ್ನೂ ಪೂರ್ತಿ ನಂಬಬೇಡಿ. ಎಐ ಕೆಲವೊಮ್ಮೆ ಇಲ್ಲದ್ದನ್ನೂ ಇದ್ದಂತೆ ಹೇಳಿಬಿಡುತ್ತದೆ. ದೊಡ್ಡಪ್ಪನ ಕಣ್ಣಿನ ಹನಿಯ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಬಿಪಿ ಮಾತ್ರೆಯ ಡಬ್ಬಿಗೆ ಎರಡು. ಹಳೆಯ ಉಪಾಯ, ಆದರೆ ಚಾರ್ಜ್ ಮುಗಿಯುವುದಿಲ್ಲ. ರಸ್ತೆಯ ವಿಷಯವೂ ಹಾಗೇ. ಫೋನ್ ದಾರಿ ಹೇಳುತ್ತದೆ, ದಾರಿಯಲ್ಲಿರುವ ಹಳ್ಳ ಹೇಳುವುದಿಲ್ಲ. ಬಿಳಿ ಕೋಲು ಬೇಕೇ ಬೇಕು. ತುರ್ತು ಕರೆಗೆ ಪವರ್ ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತುವ ಸೌಲಭ್ಯ ಆಂಡ್ರಾಯ್ಡ್ 12ರಿಂದ ಈಚೆಗಿನ ಹೆಚ್ಚಿನ ಫೋನ್‌ಗಳಲ್ಲಿ ಇದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿ ಹಾಕಿಡಿ.

ಆ್ಯಪ್ ಮಾತಾಡದಿದ್ದರೆ

ಕೆಲವು ಆ್ಯಪ್‌ಗಳಲ್ಲಿ ಬೆರಳಿಟ್ಟರೆ ಟಾಕ್‌ಬ್ಯಾಕ್ ಸುಮ್ನೆ 'ಬಟನ್' ಅನ್ನುತ್ತದೆ. ಯಾವ ಬಟನ್ ಅಂತ ಗೊತ್ತಾಗುವುದಿಲ್ಲ. ಮಾಡಿದವರು ಅದಕ್ಕೆ ಹೆಸರು ಕೊಟ್ಟಿಲ್ಲ ಅಂತ ಅರ್ಥ. ಅದರ ಮೇಲೆ ಇದ್ದಾಗ ಟಾಕ್‌ಬ್ಯಾಕ್ ಮೆನು ತೆರೆದರೆ ಎಷ್ಟೋ ಕಡೆ ಲೇಬಲ್ ಸೇರಿಸುವ ಆಯ್ಕೆ ಸಿಗುತ್ತದೆ. ನೀವು ನೋಡಿ ಹೇಳಿ, ಹೆಸರು ಅವರೇ ಹಾಕಿಕೊಳ್ಳಲಿ.

ಕೆವೈಸಿ, ಅಂದರೆ ಬ್ಯಾಂಕಿನಂಥವರು ನಮ್ಮ ಗುರುತು ಖಚಿತಪಡಿಸಿಕೊಳ್ಳುವ ಕೆಲಸ, ಮಾಡುವಾಗ ಬೇರೆಯದೇ ಗೋಳು. ಒಂದು ಆ್ಯಪ್‌ನಲ್ಲಿ ಮುಖವನ್ನು ಚೌಕದೊಳಗೆ ಇಟ್ಟು ಕಣ್ಣು ಮಿಟುಕಿಸಿ ಅಂತ ಕೇಳಿತು. ಚೌಕ ಎಲ್ಲಿದೆ ಅಂತ ದೊಡ್ಡಪ್ಪನಿಗೆ ಹೇಗೆ ಗೊತ್ತಾಗಬೇಕು? ಅವತ್ತು ಅವರು ಎಷ್ಟು ನೊಂದುಕೊಂಡರು ಅಂತ ನನಗೆ ಗೊತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣಗಳಲ್ಲಿ ತೀರ್ಪು ಕೊಟ್ಟಿದೆ. ದೂರು ತಂದವರು ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಮತ್ತಿತರರು, ಕಣ್ಣು ಕಾಣದ ವಕೀಲ ಅಮರ್ ಜೈನ್. ಡಿಜಿಟಲ್ ಸೇವೆ ಎಲ್ಲರ ಕೈಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದ ಕೋರ್ಟ್ 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸುವುದರ ಬದಲು ಬೇರೆ ದಾರಿ ಇರಬೇಕು ಅಂತಲೂ ಹೇಳಿದೆ. ಬ್ಯಾಂಕಿನ ಶಾಖೆಯಲ್ಲಿ ಆಗುವುದಿಲ್ಲ ಅಂದರೆ ಈ ತೀರ್ಪನ್ನೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ ಹೆಸರು ಹೇಳಿ, ಲಿಖಿತ ದೂರು ಕೊಡಿ.

ಮನೆಯಲ್ಲಿ ಕಲಿಸುವಷ್ಟು ಸಮಯ ಇಲ್ಲದವರು ಬೆಂಗಳೂರಿನ ಎನೇಬಲ್ ಇಂಡಿಯಾ, ಮಿತ್ರಜ್ಯೋತಿ, ಸಮರ್ಥನಂ ಇಂಥ ಸಂಸ್ಥೆಗಳನ್ನು ಕೇಳಬಹುದು, ಕಣ್ಣು ಕಾಣದವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು ಅಲ್ಲಿದ್ದಾರೆ. ಪುಸ್ತಕದ ಆಸೆ ಇದ್ದವರಿಗೆ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯ ಇದೆ, 2016ರಲ್ಲಿ ಶುರುವಾದದ್ದು.

ಇನ್ನೊಂದು ಉಳಿದಿದೆ. ಫೋನ್ ಅಪ್‌ಡೇಟ್ ಆದ ದಿನ ಜೊತೆಗೆ ಕುಳಿತುಕೊಳ್ಳಿ. ಕೆಲವು ಫೋನ್‌ಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಟಾಕ್‌ಬ್ಯಾಕನ್ನೇ ಆಫ್ ಮಾಡಿಬಿಡುತ್ತವೆ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ನಿರ್ಬಂಧ ಇಲ್ಲ ಅಂತ ಮಾಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಅವರಿಗೇ ಹೇಳಿ. ಆಮೇಲೆ ವಾಲ್ಯೂಮ್‌ನ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಹಿಡಿಯಲಿ. ಮಾತು ಬಂತಾ ಅಂತ ಅವರೇ ಹೇಳಲಿ.